ಗ್ರೂಪಿನಲ್ಲಿ ಪ್ರಶ್ನೋತ್ತರ: ಮೆಟ್ರೋ ಭಯ, ಥೆರಪಿ, ನಿದ್ದೆ ಮಾತ್ರೆ

ಪ್ರಶ್ನೆ (ಬೆಂಗಳೂರು): ತಂಗಿಗೆ 27 ವರ್ಷ. ಮೆಟ್ರೋ ಹತ್ತಿದರೆ ಎದೆ ಡವಡವ, ಬೆರಳು ಜುಮ್ಮೆನ್ನುತ್ತೆ, ಸತ್ತೇ ಹೋಗ್ತೀನಿ ಅಂತಾಳೆ. ಇಸಿಜಿ, ಥೈರಾಯ್ಡ್ ನಾರ್ಮಲ್. ಕೈಯಲ್ಲಿ ನೀರಿನ ಬಾಟಲಿ, ಪಕ್ಕದಲ್ಲಿ ಅಮ್ಮ ಇದ್ದರಷ್ಟೇ ಹೊರಡ್ತಾಳೆ. ಥೆರಪಿ ಅಂದ್ರೆ ಬರೀ ಮಾತಾ?

ಸೈಕಾಲಜಿಸ್ಟ್: ಅಲ್ಲ. ನೀವು ಹೇಳಿದ್ದು ಪ್ಯಾನಿಕ್, ಅಂದ್ರೆ ದಿಢೀರನೆ ನುಗ್ಗೋ ವಿಪರೀತ ಭಯದ ಥರ ಕಾಣುತ್ತೆ. ನೋಡದೆ ಖಚಿತವಾಗಿ ಹೇಳಲಾರೆ. ಭಯಕ್ಕೆ ಉಸಿರಾಟ ಜೋರಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ, ಅದಕ್ಕೇ ಬೆರಳು ಜುಮ್ಮೆನ್ನೋದು, ತಲೆ ತಿರುಗೋದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ತಾನಾಗೇ ಇಳಿಯುತ್ತೆ. ಆದರೆ ಅವಳು ಅದು ಇಳಿಯೋ ತನಕ ಅಲ್ಲಿ ನಿಲ್ಲೋದೇ ಇಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಟ್ಟರೆ ‘ಇಳಿದಿದ್ದಕ್ಕೇ ಬದುಕಿದೆ’ ಅಂತ ಮನಸ್ಸು ಕಲಿಯುತ್ತೆ. ಬಾಟಲಿ, ಅಮ್ಮ ಮಾಡ್ತಿರೋದೂ ಅದನ್ನೇ. ನನಗೆ ಚಿಂತೆ ಇರೋದು ಇಲ್ಲೇ: ಇವತ್ತು ಮೆಟ್ರೋ, ನಾಳೆ ಬಸ್ಸು, ಆಮೇಲೆ ಮನೆ ಬಾಗಿಲು.

ಇದಕ್ಕೆ ಸಿಬಿಟಿ ಅನ್ನೋ ಥೆರಪಿ ಇದೆ, ಯೋಚನೆ ಮತ್ತು ನಡವಳಿಕೆ ಬದಲಿಸೋ ಅಭ್ಯಾಸ. ಅದರಲ್ಲಿ ಮೊದಲು ಆ ಲಕ್ಷಣಗಳನ್ನು ಬೇಕಂತಲೇ ಬರಿಸ್ತೀವಿ. ಒಂದು ನಿಮಿಷ ನಿಂತಲ್ಲೇ ಓಡೋದು, ಕುರ್ಚಿಯಲ್ಲಿ ತಿರುಗೋದು, ಸಣ್ಣ ಸ್ಟ್ರಾದಲ್ಲಿ ಉಸಿರಾಡೋದು. ಹೃದಯದ ತೊಂದರೆ, ಆಸ್ತಮಾ, ಫಿಟ್ಸ್, ಗರ್ಭಿಣಿ ಇದ್ದರೆ ವೈದ್ಯರ ಒಪ್ಪಿಗೆ ಇಲ್ಲದೆ ಬೇಡ. ಆಮೇಲೆ ಏಣಿ: ಪ್ಲಾಟ್‌ಫಾರ್ಮಿನಲ್ಲಿ ನಿಲ್ಲೋದು, ಇಂದಿರಾನಗರದಿಂದ ಹಲಸೂರಿಗೆ ಒಂದೇ ಸ್ಟೇಷನ್, ಅಮ್ಮ ಬೇರೆ ಬೋಗಿಯಲ್ಲಿ, ಒಬ್ಬಳೇ, ಕೊನೆಗೆ ರಶ್ ಅವರ್‌ನಲ್ಲಿ ಮೆಜೆಸ್ಟಿಕ್. ಭಯ ಪೂರ್ತಿ ಹೋಗಲಿ ಅಂತ ಕಾಯಬಾರದು, ಭಯ ಇಟ್ಟುಕೊಂಡೇ ಕೂರಬೇಕು. ಕೆಡೋದು ಎಲ್ಲಿ ಅಂದ್ರೆ, ವಾರಕ್ಕೊಮ್ಮೆ ಥೆರಪಿಗೆ ಬಂದು ನಡುವೆ ಅಭ್ಯಾಸವನ್ನೇ ಮಾಡದೆ ಇದ್ದಾಗ.

ಸದಸ್ಯ (ಮೈಸೂರು): ಪೇಪರ್ ಕವರಿನಲ್ಲಿ ಉಸಿರಾಡಿದರೆ ಎರಡೇ ನಿಮಿಷದಲ್ಲಿ ಸರಿಹೋಗುತ್ತಂತೆ. ಫಾರ್ವರ್ಡ್ ಬಂದಿದೆ.

ಸೈಕಾಲಜಿಸ್ಟ್: ಬೇಡ. ಅದು ಹಾರ್ಟ್ ಅಟ್ಯಾಕೋ ಆಸ್ತಮಾವೋ ಆಗಿದ್ದರೆ ಆಕ್ಸಿಜನ್ ಇಳಿದು ಜೀವಕ್ಕೇ ಅಪಾಯ.

ಪ್ರಶ್ನೆ (ಹಾಸನ): ಕೌನ್ಸೆಲರ್ ಅಸಲಿ ಅಂತ ತಿಳಿಯೋದು ಹೇಗೆ?

ಸೈಕಾಲಜಿಸ್ಟ್: ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ಮಾತ್ರೆ ಬರೆಯೋದು ಸೈಕಿಯಾಟ್ರಿಸ್ಟ್, ನಾವಲ್ಲ.

ಪ್ರಶ್ನೆ (ಕೊಪ್ಪಳ): ಇನ್ಶೂರೆನ್ಸಿನಲ್ಲಿ ಥೆರಪಿ ಫೀಸ್ ಸಿಗುತ್ತಾ?

ಸದಸ್ಯ (ಮೈಸೂರು): ಮಾತ್ರೆ ಎಲ್ಲಾ ವಿಷ. ನಿದ್ದೆ ಮಾತ್ರೆ ಇವತ್ತೇ ಬಿಸಾಕಿ, ಅಶ್ವಗಂಧ ಹಾಲಲ್ಲಿ ಕುಡೀರಿ.

ಸದಸ್ಯೆ (ಉಡುಪಿ): ಯಾರು ಏನು ತಗೊಳ್ತಿದ್ದಾರೆ ಅಂತ ಗೊತ್ತಿಲ್ಲದೆ ಹೀಗೆಲ್ಲಾ ಹೇಳಬೇಡಿ.

ಸದಸ್ಯ (ಮೈಸೂರು): ನಮ್ಮ ಹಿರಿಯರಿಗೆ ಯಾವ ಥೆರಪಿ ಇತ್ತು?

ಸದಸ್ಯೆ (ಉಡುಪಿ): ಕಾಯಿಲೆ ಇತ್ತು, ‘ಮೈಮೇಲೆ ಬಂದಿದೆ’ ಅಂತ ಕೋಣೆಯಲ್ಲಿ ಕೂಡಿಹಾಕ್ತಿದ್ರು.

ಪ್ರಶ್ನೆ (ದಾವಣಗೆರೆ): ಮಾತ್ರೆ ಬಿಸಾಕಿ ಅನ್ನೋ ಆ ಮೆಸೇಜು ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿತ್ತು. ತಮ್ಮ ಎಂಟು ತಿಂಗಳಿಂದ ದಿನಕ್ಕೆರಡು ಕ್ಲೋನಜೆಪಾಮ್ ಅನ್ನೋ ನಿದ್ದೆ ಮಾತ್ರೆ ತಗೊಳ್ತಿದ್ದ, ಮೊನ್ನೆಯಿಂದ ಬಿಟ್ಟಿದ್ದಾನೆ. ನಿದ್ದೆಯಿಲ್ಲ, ಕೈ ನಡುಗ್ತಿದೆ.

ಸೈಕಾಲಜಿಸ್ಟ್: ಮಾತ್ರೆ ಬರೆದ ವೈದ್ಯರಿಗೆ ಈಗಲೇ ಫೋನ್ ಮಾಡಿ. ಸಿಗದಿದ್ದರೆ ಇವತ್ತೇ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ, ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ. ಈ ಮಾತ್ರೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವಾರಗಳು, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು, ಅದರ ಲೆಕ್ಕ ವೈದ್ಯರದ್ದು. ತಪ್ಪಿದ ಡೋಸ್ ಸೇರಿಸಿ ಒಟ್ಟಿಗೆ ನುಂಗೋದು ಬೇಡ. ಮದ್ಯ ಬೇಡ. ಗಾಡಿ ಓಡಿಸೋದು ಬೇಡ. ಒಬ್ಬನೇ ಬಿಡಬೇಡಿ. ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕದೆ 108ಕ್ಕೆ ಕರೆ ಮಾಡಿ. ಅಶ್ವಗಂಧ ಇದಕ್ಕೆ ಬದಲಿ ಅಲ್ಲ, ನಿದ್ದೆ ಮಾತ್ರೆ ಜೊತೆ ಸೇರಿದರೆ ಮಂಪರು ಹೆಚ್ಚಬಹುದು.

ಪ್ರಶ್ನೆ (ಗದಗ): ದುಡ್ಡಿಲ್ಲದವರು ಎಲ್ಲಿಗೆ ಹೋಗಬೇಕು?

ಸೈಕಾಲಜಿಸ್ಟ್: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಕನ್ನಡದಲ್ಲೂ ಮಾತಾಡ್ತಾರೆ.

ಪ್ರಶ್ನೆ (ಕಲಬುರಗಿ): ಫ್ರೀ ನಂಬರ್ ಯಾವುದು?

ಸೈಕಾಲಜಿಸ್ಟ್: ಮೇಲೆ ಓದಿ.

ಸದಸ್ಯ (ಮೈಸೂರು): ಡಾಕ್ಟರುಗಳಿಗೆ ಮಾತ್ರೆ ಮಾರೋದೇ ಕೆಲಸ.

ಸೈಕಾಲಜಿಸ್ಟ್: ನಾನು ಮಾತ್ರೆ ಬರೆಯೋಳೇ ಅಲ್ಲ. ನಿಮ್ಮ ಹತ್ತಿರ ವಾದ ಮಾಡೋಕೆ ನನಗೀಗ ಪುರುಸೊತ್ತಿಲ್ಲ. ಅಡ್ಮಿನ್, ‘ಇವತ್ತೇ ಬಿಸಾಕಿ’ ಅನ್ನೋ ಮೆಸೇಜನ್ನು ತಕ್ಷಣ ತೆಗೀರಿ. ದಾವಣಗೆರೆಯವರೇ, ವೈದ್ಯರು ಸಿಕ್ಕಿದರಾ?