ಪೋಲೆಂಡಿನ ಅತಿಥಿ ಮತ್ತು 'ಎವೆಂಚುಯಲಿ'

ಪ್ರಶ್ನೆ (ಗೋಕರ್ಣ): ನಮ್ಮ ಹೋಮ್‌ಸ್ಟೇಯಲ್ಲಿ ಪೋಲೆಂಡಿನವರೊಬ್ಬರು ಇದ್ದಾರೆ. ಇಂಗ್ಲಿಷ್ ಚೆನ್ನಾಗಿದೆ. ಮೊನ್ನೆ 'ಎವೆಂಚುಯಲಿ ಮುರುಡೇಶ್ವರಕ್ಕೆ ಹೋಗುತ್ತೇನೆ' ಅಂದರು. ನಾನು ರಿಕ್ಷಾ ಹೇಳಿಬಿಟ್ಟೆ. ಅವರು ಹೊರಡಲೇ ಇಲ್ಲ! ಮೇಲಿನ ಹಂತದ ಶಬ್ದ ಕಲಿಯೋದು ಹೇಗೆ? ಅವರಿಗೂ ಬೇಕು, ನನಗೂ ಬೇಕು.

ಉತ್ತರ (ಕುಮಟಾ): ಪೋಲಿಷ್‌ನ 'ಎವೆಂತುಅಲ್ನ್ಯೆ' ಅಂದರೆ 'ಆದರೂ ಆಗಬಹುದು'. ಇಂಗ್ಲಿಷ್‌ನ ಎವೆಂಚುಯಲಿ ಅಂದರೆ 'ಕೊನೆಗೆ'. 'ಅಕ್ತುಅಲ್ನ್ಯೆ'ಯೂ ಹಾಗೇ: ಅವರಿಗೆ 'ಈಗ', ಇಂಗ್ಲಿಷ್‌ನ ಆ್ಯಕ್ಚುಯಲಿ 'ನಿಜವಾಗಿ'. ಇಂಥವನ್ನು ಮೊದಲು ಬರೆದಿಡಲಿ.

ಉತ್ತರ (ಶಿರಸಿ): ಶಬ್ದವನ್ನು ಒಂಟಿಯಾಗಿ ಕಲಿಯಬೇಡಿ. ನಮಗೆ ಮಳೆಯೂ ಜೋರು, ಗಾಳಿಯೂ ಜೋರು. ಇಂಗ್ಲಿಷ್‌ನಲ್ಲಿ ಹೆವಿ ರೇನ್, ಆದರೆ ಸ್ಟ್ರಾಂಗ್ ವಿಂಡ್. ನಾನು ದಿನಕ್ಕೆ 5 ಜೋಡಿ ಬರೆದು, ಅಡಿಕೆ ಸುಲಿಯುತ್ತಾ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಜಾಸ್ತಿ ಬೇಡ, ಮರೆತುಹೋಗುತ್ತದೆ.