ನಾರ್ಳೀಕರರನ್ನು ಯಾವ ಪುಸ್ತಕದಿಂದ ಓದಿಸಬೇಕು? ಅವರಾದ ಮೇಲೆ ಯಾರು?

ಜತ್ತ ವಾಚನಾಲಯ

ನಮಸ್ಕಾರ್ರಿ. ಸಾಂಗಲಿ ಜಿಲ್ಲಾ ಜತ್ತ ತಾಲೂಕಿನ ಕನ್ನಡ ಮಾಧ್ಯಮ ಹೈಸ್ಕೂಲಿನ ಸಲುವಾಗಿ ಕೇಳ್ತಿದ್ದೀನಿ. ಒಂಬತ್ತು, ಹತ್ತನೇ ಇಯತ್ತೆ ಹುಡುಗರಿಗೆ ವಾರಕ್ಕ ಒಂದು ತಾಸು ಅವಾಂತರ ವಾಚನ (ಪಠ್ಯದ ಹೊರಗಿನ ಓದು) ಇರತದ. ಈ ಸಲ ಮರಾಠಿ ವಿಜ್ಞಾನ ಕಥೆಗಾರ, ಖಗೋಳ ವಿಜ್ಞಾನಿ ಜಯಂತ ನಾರ್ಳೀಕರರನ್ನ ಹಿಡೀಬೇಕಂತ ಅದ. ಹುಡುಗರು ಮರಾಠಿ ಸರಾಗ ಓದತಾರ, ಇಂಗ್ಲಿಷ್ ಅಷ್ಟಕ್ಕಷ್ಟ. ‘ವಾಮನ ಪರತ ನ ಆಲಾ’ ಕಾದಂಬರಿಯಿಂದ ಸುರು ಮಾಡಿದರ ನಡೀತದೇನು? ಅವರಾದ ಮ್ಯಾಲ ಯಾರ ಕಾದಂಬರಿ ಕೊಡಬೇಕು? ಕನ್ನಡದಾಗ ಏನರ ಅದನು? ವಿಜ್ಞಾನದ ತಾಸಿಗೂ ಹೊಂದುವಂಗಿದ್ದರ ಚಲೋ.

ಅಕ್ಕಲಕೋಟ ಓದುಗ

ಸರ, ವಾಮನದಿಂದ ಸುರು ಮಾಡಬೇಡ್ರಿ. ಕಾದಂಬರಿ ಚಲೋನೇ ಅದ, ಆದರ ಮೊದಲನೇ ಮೆಟ್ಟಿಲಲ್ಲ. ಹಿಂದೆಂದೋ ಅಳಿದುಹೋದ ಮುಂದುವರಿದ ನಾಗರಿಕತೆಯೊಂದು ಬಿಟ್ಟುಹೋದ ಮಾಹಿತಿ ಈಗಿನ ವಿಜ್ಞಾನಿಗಳ ಕೈಗೆ ಸಿಗುತ್ತದೆ, ಅದನ್ನು ಬಿಡಿಸಿ ಓದಿ ವಾಮನನೆಂಬ ಯಂತ್ರಮಾನವನನ್ನು ಕಟ್ಟುತ್ತಾರೆ, ಆ ವಾಮನನಿಗೆ ತನ್ನಂಥವರನ್ನೇ ಇನ್ನಷ್ಟು ಮಾಡಿಕೊಳ್ಳುವ ಹವಣಿಕೆ. ಬಲಿಚಕ್ರವರ್ತಿಯ ಕಥೆ ಹುಡುಗರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಯಂತ್ರಮಾನವನಿಗೆ ಲಗಾಮು ಹಾಕುವ ವಿಚಾರ. ಐಸಾಕ್ ಅಸಿಮೋವ್ 1942ರ ‘ರನ್‌ಅರೌಂಡ್’ ಕಥೆಯಲ್ಲಿ ಹೇಳಿದ ಮೂರು ನಿಯಮಗಳನ್ನು (ಮನುಷ್ಯನಿಗೆ ಕೇಡು ಮಾಡಬಾರದು, ಅವನ ಮಾತು ಕೇಳಬೇಕು, ಈ ಎರಡಕ್ಕೂ ಧಕ್ಕೆ ಬರದಂತೆ ತನ್ನನ್ನು ಕಾಪಾಡಿಕೊಳ್ಳಬೇಕು) ಹಲಗೆಯ ಮೇಲೆ ಬರೆದು ಆಮೇಲೆ ವಾಮನ ಕೊಟ್ಟರೆ ಅಪಾಯ ಎಲ್ಲಿದೆ ಅನ್ನೋದು ಹುಡುಗರೇ ಹುಡುಕುತ್ತಾರೆ. ಹಾಗೇ ಕೊಟ್ಟರೆ ವಿಜ್ಞಾನಿಗಳ ಚರ್ಚೆ ಬರುವಲ್ಲೇ ಪುಸ್ತಕ ಕೆಳಗಿಡುತ್ತಾರೆ.

ನಾರ್ಳೀಕರರೂ ಸುರು ಮಾಡಿದ್ದು ಸಣ್ಣ ಕಥೆಯಿಂದಲೇ. 1938ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟು, ಬನಾರಸದಲ್ಲಿ ಶಾಲೆ, ಕೇಂಬ್ರಿಜ್‌ನಲ್ಲಿ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಅವರ ಕೈಕೆಳಗೆ 1963ರಲ್ಲಿ ಪಿಎಚ್‌ಡಿ. ಪದ್ಮಭೂಷಣ ಬಂದದ್ದು 1965ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲು. 1972ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಬಂದರು. ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ 1974ರಲ್ಲಿ ‘ಕೃಷ್ಣವಿವರ’ ಕಳಿಸುವಾಗ ಅವರ ಹೆಸರು ಕಂಡರೆ ಸಾಕು, ತೀರ್ಪುಗಾರರು ಮಣಿಯುವ ಪರಿಸ್ಥಿತಿ. ಅದಕ್ಕೇ ತಮ್ಮ ಇನಿಷಿಯಲ್ಲುಗಳನ್ನು ತಿರುಗಾಮುರುಗಾ ಮಾಡಿ ನಾರಾಯಣ ವಿನಾಯಕ ಜಗತಾಪ ಅಂತ ಹಾಕಿ ಕಳಿಸಿದರು, ಜಗತಾಪನಿಗೇ ಬಹುಮಾನ ಬಂತು. ಮರುವರ್ಷ ಕರಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಿಂದ ದುರ್ಗಾ ಭಾಗವತರು ಈ ಹೊಸ ಬಗೆಯ ಬರವಣಿಗೆಯನ್ನು ಮೆಚ್ಚಿ ಮಾತಾಡಿದರು. ವಿಜ್ಞಾನ ಕಥೆಯನ್ನು ಮಕ್ಕಳ ಪುಸ್ತಕದ ಕಪಾಟಿನಿಂದ ಆಚೆ ತರಲು ಆ ಮಾತು ಬೇಕಾಗಿತ್ತು. ಅಲ್ಲಿಂದ ಮುಂದೆ 1988ರಲ್ಲಿ ಪುಣೆಯ ಖಗೋಳ ವಿಜ್ಞಾನ ಸಂಸ್ಥೆ ಆಯುಕಾ ಕಟ್ಟಿದರು, 2003ರ ತನಕ ನಡೆಸಿದರು, ಕಾದಂಬರಿಗಳಾದ ‘ಪ್ರೇಷಿತ’, ‘ವಾಮನ’, ‘ವ್ಹಾಯರಸ’ ಎಲ್ಲ ಬಂದವು. ಆತ್ಮಕಥೆ ‘ಚಾರ ನಗರಾಂತಲೇ ಮಾಝೇ ವಿಶ್ವ’ಕ್ಕೆ 2014ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 2021ರ ನಾಶಿಕ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತೀರಿಕೊಂಡದ್ದು 2025ರ ಮೇ 20ಕ್ಕೆ.

ನಿಮ್ಮ ಮೊದಲನೇ ತಾಸಿಗೆ ‘ಗಂಗಾಧರಪಂತಾಂಚೇ ಪಾನಿಪತ’ ಹಿಡೀರಿ. ಇತಿಹಾಸದ ಪ್ರಾಧ್ಯಾಪಕ ಗಾಯತೋಂಡೆ ಮರಾಠರು 1761ರ ಯುದ್ಧ ಗೆದ್ದ ಇನ್ನೊಂದು ಜಗತ್ತಿಗೆ ಹೋಗಿಬೀಳುತ್ತಾರೆ. ಎರಡು ಜಗತ್ತು ಬೇರೆಯಾಗುವುದು ಒಂದೇ ಒಂದು ಗುಂಡಿನಿಂದ: ಇಲ್ಲಿ ಪೇಶ್ವೆಯ ಮಗ ವಿಶ್ವಾಸರಾಯನಿಗೆ ತಗಲಿದ್ದು ಅಲ್ಲಿ ಕಿವಿಯ ಹತ್ತಿರದಿಂದ ಹಾದುಹೋಗುತ್ತದೆ. ಓದಿಸುವ ಮೊದಲು ಇತಿಹಾಸದ ಪುಸ್ತಕದಿಂದ ಪಾನಿಪತದ ಒಂದು ಪುಟ ಓದಿಸ್ರಿ. ಅದನ್ನು ಬಿಟ್ಟರೆ ಹುಡುಗರಿಗೆ ಎಲ್ಲಿ ಕಥೆ ತಿರುಗಿತು ಅನ್ನೋದೇ ಹತ್ತೋದಿಲ್ಲ, ಎಲ್ಲವೂ ನಿಜವಾದ ಇತಿಹಾಸ ಅಂದುಕೊಂಡು ಹೋಗ್ತಾರ. ಇದೇ ಕಥೆ ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಇಂಗ್ಲಿಷ್ ಪುಸ್ತಕ ‘ಹಾರ್ನ್‌ಬಿಲ್’ನಲ್ಲಿದೆ, ಆದರೆ ಅದು ಮೊಟಕು ಮಾಡಿದ್ದು, ಮರಾಠಿಯದೇ ತಗೋರಿ. ಪುಣೆಯಿಂದ ಮುಂಬೈಗೆ ಹೋಗುವ ಜಿಜಾಮಾತಾ ಎಕ್ಸ್‌ಪ್ರೆಸ್ ‘ಸರಹದ್ದ’ ಅನ್ನೋ ಸ್ಟೇಷನ್ನಿನಲ್ಲಿ ನಿಂತು, ಸಮವಸ್ತ್ರದವನೊಬ್ಬ ಪರವಾನಿಗೆ ತಪಾಸ ಮಾಡುವಲ್ಲಿ ನಿಲ್ಲಿಸಿ ಮುಂದೇನು ಅಂತ ಕೇಳ್ರಿ. ಗಡಿಯಾಗಿನ ಹುಡುಗರಿಗೆ ಆ ಜಾಗಾ ಬ್ಯಾರೇನೇ ತಟ್ಟತದ.

ಎರಡನೇದು ‘ಉಜವ್ಯಾ ಸೊಂಡೇಚಾ ಗಣಪತಿ’ (ಬಲಸೊಂಡಿಲ ಗಣಪತಿ). ‘ಯಕ್ಷಾಂಚೀ ದೇಣಗೀ’ ಸಂಕಲನದಲ್ಲಿ ಅದ, ‘ಕೃಷ್ಣವಿವರ’ವೂ ಅಲ್ಲೇ. ಎಡ ಬಲವಾಗುವ, ಬಲ ಎಡವಾಗುವ ಕಥೆ. ಬುನಾದಿ ಮೋಬಿಯಸ್ ಪಟ್ಟಿ. ಇದನ್ನ ಮಾಡಿಯೇ ತೋರಿಸಬೇಕು. ಎಲ್ಲರೂ ಕಾಗದದ ಪಟ್ಟಿಗೆ ಅರ್ಧ ತಿರುವು ಕೊಟ್ಟು ಅಂಟಿಸಿ, ನಡುವೆ ಗೆರೆ ಎಳೆದು ‘ನೋಡ್ರಿ, ಒಂದೇ ಮೈ’ ಅಂತ ಮುಗಿಸ್ತಾರ. ಅದರಿಂದ ಈ ಕಥೆ ತಿಳಿಯೋದಿಲ್ಲ. ಕಾಗದ ಪಾರದರ್ಶಕ ಅಲ್ಲದ್ದರಿಂದ ಒಂದು ಮಗ್ಗುಲಿಗೆ ಬರೆದ ಚಿತ್ರ ಇನ್ನೊಂದು ಮಗ್ಗುಲಿಗೆ ಕಾಣೋದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಂಡು 30 ಸೆಂಮೀ ಉದ್ದ, 3 ಸೆಂಮೀ ಅಗಲದ ಪಟ್ಟಿ ಕತ್ತರಿಸಿ, ಅರ್ಧ ತಿರುವು ಕೊಟ್ಟು ಸೆಲೋಟೇಪ್ ಹಚ್ಚಿ, ಮಾರ್ಕರಿನಿಂದ ಬಲಸೊಂಡಿಲ ಗಣಪತಿ ಬರೀರಿ. ಅದೇ ಚಿತ್ರವನ್ನು ಸ್ವಲ್ಪ ಸ್ವಲ್ಪ ಮುಂದೆ ನಕಲು ಮಾಡುತ್ತ ಒಂದು ಸುತ್ತು ಬಂದರೆ ಹೊರಟ ಜಾಗದಲ್ಲೇ ಎಡಸೊಂಡಿಲಾಗಿ ನಿಂತಿರುತ್ತದೆ. ಪಟ್ಟಿ ಗಿಡ್ಡ, ಅಗಲ ಆದರೆ ತಿರುವು ಕೂಡೋದಿಲ್ಲ, ಮಡಿಕೆ ಬೀಳ್ತದ.

ಮೂರನೇದು ಹಿಮಯುಗದ ಕಥೆ. ಮುಂಬೈಯಲ್ಲಿ ಹಿಮ ಬೀಳುತ್ತದೆ. ವಾತಾವರಣದ ಮೇಲ್ಪದರದಲ್ಲಿ ತೇಲುವ ಸಣ್ಣ ಹಿಮದ ಹರಳುಗಳು ಸೂರ್ಯನ ಬೆಳಕನ್ನು ಹಿಂದಕ್ಕೆ ಕಳಿಸುವುದೇ ಕಾರಣ. ಇಂಗ್ಲಿಷ್ ರೂಪ ನ್ಯಾಷನಲ್ ಬುಕ್ ಟ್ರಸ್ಟಿನ ‘ಇಟ್ ಹ್ಯಾಪನ್ಡ್ ಟುಮಾರೊ’ (1993, ಸಂಪಾದಕ ಬಾಳ ಫೊಂಡಕೆ) ಪುಸ್ತಕದಲ್ಲಿದೆ. ಆ ಒಂದು ಪುಸ್ತಕ ಗ್ರಂಥಾಲಯಕ್ಕೆ ಬೇಕೇ ಬೇಕು: ಮರಾಠಿಯ ಲಕ್ಷ್ಮಣ ಲೋಂಢೆ, ಸುಬೋಧ ಜಾವಡೇಕರ, ತಮಿಳಿನ ಸುಜಾತಾ, ಕನ್ನಡದ ರಾಜಶೇಖರ ಭೂಸನೂರಮಠ ಎಲ್ಲ ಒಂದೇ ಕಡೆ ಸಿಗ್ತಾರ.

ಕುಂಬಳೆ ಭೌತಶಾಸ್ತ್ರ

ಕಥೆಗಳ ಆಯ್ಕೆಯ ಬಗ್ಗೆ ತಕರಾರಿಲ್ಲ. ಆದರೆ ಒಂದು ಹೇಳ್ಬೇಕು: ನಾರ್ಳೀಕರರ ಪಾತ್ರಗಳು ತೆಳು. ವಿಜ್ಞಾನಿ ಮಾತಾಡ್ತಾನೆ, ಪತ್ರಕರ್ತ ಕೇಳ್ತಾನೆ, ಮಂತ್ರಿ ತಡ ಮಾಡ್ತಾನೆ. ಕಲ್ಪನೆ ಗಟ್ಟಿ ಇರುವಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ, ಕಾದಂಬರಿ ಉದ್ದವಾದಾಗ ಕಾಣ್ತದೆ. ಹಾಗಾಗಿ ಮೂರು ಕಥೆ ಆದ ಮೇಲೆ ಗುರುವಿನ ಕಾದಂಬರಿಗೇ ಹೋಗಿ: ಫ್ರೆಡ್ ಹಾಯ್ಲ್ ಅವರ ‘ದ ಬ್ಲ್ಯಾಕ್ ಕ್ಲೌಡ್’, 1957. ಸೌರಮಂಡಲದ ಕಡೆಗೆ ಕಪ್ಪು ಮೋಡವೊಂದು ಬರ್ತಾ ಉಂಟು. ಎಷ್ಟು ಸಮಯದಲ್ಲಿ ತಲುಪುತ್ತದೆ ಎಂದು ಅದರ ದೂರವೂ ವೇಗವೂ ಗೊತ್ತಿಲ್ಲದೆ ಲೆಕ್ಕ ಹಾಕುತ್ತಾರೆ! ಫೋಟೋದಲ್ಲಿ ಮೋಡದ ಗಾತ್ರ, ಅದು ಹಿಗ್ಗುವ ದರ, ಇವೆರಡು ಸಾಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಉಳಿದ ಸಮಯ. ತಿಂಗಳಿಗೆ 5% ಹಿಗ್ಗಿದರೆ ಸುಮಾರು 20 ತಿಂಗಳು.

ಅಂಗಳದಲ್ಲೇ ಮಾಡಿ ನೋಡ್ಲಿಕ್ಕೆ ಆಗ್ತದೆ. ಕಾಲ್ಚೆಂಡನ್ನು 10 ಮೀಟರ್ ದೂರ ಇಟ್ಟು ಮೊಬೈಲಲ್ಲಿ ಒಂದು ಫೋಟೋ, 9.5 ಮೀಟರಿಗೆ ತಂದು ಇನ್ನೊಂದು. ಚಿತ್ರದ ಅಗಲ ಸುಮಾರು 5% ಹೆಚ್ಚಿರುತ್ತದೆ. ಅರ್ಧ ಮೀಟರಿಗೊಂದು ಹೆಜ್ಜೆ ಅಂತಾದರೆ ಇನ್ನು 19 ಹೆಜ್ಜೆ. ಝೂಮ್ ಮುಟ್ಟಬಾರದು, ಮೊಬೈಲನ್ನು ಅಲುಗಾಡದ ಹಾಗೆ ಕಟ್ಟಿಡಬೇಕು, ಇಲ್ಲದಿದ್ದರೆ 5% ವ್ಯತ್ಯಾಸ ಕೈನಡುಕದಲ್ಲೇ ಹೋಗಿಬಿಡುತ್ತದೆ. ಮಕ್ಕಳು ಕೇಳಬೇಕಾದ ಪ್ರಶ್ನೆ: ಮೋಡ ಹತ್ತಿರ ಬರದೆ ಇದ್ದಲ್ಲೇ ಉಬ್ಬುತ್ತಿದ್ದರೆ? ಆಗ ಈ ಲೆಕ್ಕ ಸುಳ್ಳು. ಸೂರ್ಯನ ಸೆಳೆತದಿಂದ ವೇಗ ಹೆಚ್ಚಿದರೆ 20 ತಿಂಗಳಿಗೂ ಮುಂಚೆ ಬರ್ತದೆ.

ಹಾಯ್ಲ್ ಬಗ್ಗೆ ಇನ್ನೊಂದು ಎಚ್ಚರ. ವಿಶ್ವಕ್ಕೆ ಆರಂಭವೇ ಇಲ್ಲ ಎಂಬ ಸ್ಥಿರಸ್ಥಿತಿ ವಾದ ಅವರದ್ದು. 1965ರಲ್ಲಿ ವಿಶ್ವದ ಬಿಸಿ ಆರಂಭದ ಕುರುಹಾದ ಹಿನ್ನೆಲೆ ವಿಕಿರಣ ಪತ್ತೆಯಾದ ಮೇಲೆ ಹೆಚ್ಚಿನವರು ಅದನ್ನು ಕೈಬಿಟ್ಟರು. ಹಾಯ್ಲ್, ನಾರ್ಳೀಕರ ಬಿಡಲಿಲ್ಲ, 1993ರಲ್ಲಿ ಜೆಫ್ರಿ ಬರ್ಬಿಜ್ ಜೊತೆ ಅದರ ಹೊಸ ರೂಪ ಮಂಡಿಸಿದರು. ಇಬ್ಬರ ಲೇಖನಗಳನ್ನು ಓದಿಸುವಾಗ ಇದು ಪಠ್ಯಪುಸ್ತಕದ ಮಾತಲ್ಲ ಎಂದು ಹೇಳಿಬಿಡಿ, ಪರೀಕ್ಷೆಯಲ್ಲಿ ಬರೆದಾರು.

ಮುಂದಿನದ್ದು ಆರ್ಥರ್ ಸಿ. ಕ್ಲಾರ್ಕ್ ಅವರ ‘ರಾಂಡೆವೂ ವಿತ್ ರಾಮ’ (1973). ಕೊಳವೆಯಂಥ ಖಾಲಿ ನೌಕೆ, 50 ಕಿಮೀ ಉದ್ದ, ಒಳಗಿನ ವ್ಯಾಸ 16 ಕಿಮೀ, ನಾಲ್ಕು ನಿಮಿಷಕ್ಕೊಂದು ಸುತ್ತು. ಒಳಮೈಯಲ್ಲಿ ನಿಂತವನಿಗೆ ಎಷ್ಟು ಗುರುತ್ವ ಅನಿಸ್ತದೆ? 4π² × ತ್ರಿಜ್ಯ ÷ ಅವಧಿಯ ವರ್ಗ. 8,000 ಮೀಟರ್, 240 ಸೆಕೆಂಡು ಹಾಕಿದರೆ ಸುಮಾರು 5.5 ಮೀ/ಸೆ², ನಮ್ಮ ಭೂಮಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಕ್ಕಳು ಗ್ಯಾರಂಟಿ ತ್ರಿಜ್ಯದ ಬದಲು ವ್ಯಾಸ, 16,000 ಹಾಕ್ತಾರೆ. ಆಗ ಸುಮಾರು 11 ಬರ್ತದೆ, ಭೂಮಿಯ 9.8ರ ಹತ್ತಿರ ಇರುವುದರಿಂದ ಸರಿ ಎಂದೇ ಕಾಣ್ತದೆ. ಅಲ್ಲೇ ಹಿಡೀಬೇಕು. ಜೆಂಟ್ರಿ ಲೀ ಜೊತೆ ಬರೆದ ಮುಂದಿನ ಭಾಗಗಳು ಬೇಡ ಮಾರಾಯ್ರೆ, ಅದು ಬೇರೆಯೇ ಜಾತಿಯ ಪುಸ್ತಕ, ಮೊದಲನೆಯದರ ನಿಗೂಢವನ್ನೆಲ್ಲ ಕರಗಿಸಿ ಹಾಕ್ತದೆ.

ಅಸಿಮೋವ್ ‘ಫೌಂಡೇಶನ್’ ಕೊಡುವುದಾದರೆ 1951, 52, 53ರ ಮೂರು ಪುಸ್ತಕ ಅದೇ ಕ್ರಮದಲ್ಲಿ. ಕಥೆಯ ಕಾಲ ಹಿಂದಿನದೆಂದು 1988ರ ‘ಪ್ರಿಲ್ಯೂಡ್’ ಮೊದಲು ಓದಿಸಿದರೆ ಮುಂದೆ ಬರುವ ಗುಟ್ಟು ಮೊದಲೇ ರಟ್ಟು. ವಾಮನಕ್ಕೆ ಜೋಡಿ ಬೇಕಾದರೆ ಫೌಂಡೇಶನ್ ಅಲ್ಲ, ‘ದ ಕೇವ್ಸ್ ಆಫ್ ಸ್ಟೀಲ್’ (1954). ಪತ್ತೇದಾರಿ ಕಾದಂಬರಿ, ಪತ್ತೇದಾರನ ಜತೆಗಾರ ಯಂತ್ರಮಾನವ.

ನಮ್ಮ ಕಾಸರಗೋಡಿನ ಮಲಯಾಳ ಬಲ್ಲ ಮಕ್ಕಳಿಗೆ ಜಿ. ಆರ್. ಇಂದುಗೋಪನ್ ಅವರ ‘ಐಸ್ -196°ಸಿ’ ಉಂಟು, ದೇಹವನ್ನು ಶೀತದಲ್ಲಿ ಕಾಪಿಡುವ ವಿಷಯ. ಹೆಸರಿನ ಅಂಕಿ ದ್ರವ ನೈಟ್ರೋಜನ್ ಕುದಿಯುವ ಬಿಂದು. ಪ್ಲಸ್ ಟು ಆದ ಮೇಲೆ ಸಾಕು.

ಹೊಸೂರು ಗಡಿ

ತಮಿಳಲ್ಲಿ ಒಂದೇ ಒಂದು ಹೇಳಿ ಅಂದ್ರೆ ಸುಜಾತಾ ಅವರ ‘ಎನ್ ಇನಿಯ ಇಯಂದಿರಾ’. ಅವರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು ವಿದ್ಯುನ್ಮಾನ ಮತಯಂತ್ರದ ಕೆಲಸದಲ್ಲಿದ್ದವರು, ಯಂತ್ರದ ವಿಷಯ ಬಂದರೆ ಕೈ ತಡವರಿಸಲ್ಲ. ಸರ್ವಾಧಿಕಾರಿಯ ರಾಜ್ಯ, ಹೆಸರು ಎರಡಕ್ಷರ ಮೀರೋ ಹಾಗಿಲ್ಲ, ಮಗು ಹೆರಕ್ಕೂ ಅನುಮತಿ ಬೇಕು. ಕಥೆ ಹೊತ್ತು ನಡೆಯೋದು ಜೀನೋ ಅನ್ನೋ ಯಂತ್ರದ ನಾಯಿ. ‘ಆನಂದ ವಿಕಟನ್’ನಲ್ಲಿ ಧಾರಾವಾಹಿಯಾಗಿ ಬಂದದ್ದು, ಆದ್ದರಿಂದ ಪ್ರತಿ ಅಧ್ಯಾಯ ಕೊಕ್ಕೆ ಹಾಕಿ ನಿಲ್ಲುತ್ತೆ. ವಾರಕ್ಕೊಂದು ತಾಸು ಓದಕ್ಕೆ ಹೇಳಿ ಮಾಡಿಸಿದ್ದು; ಒಂದೇ ಉಸಿರಿಗೆ ಓದಿದರೆ ಮಾತ್ರ ಆ ಕೊಕ್ಕೆಗಳೇ ಬೇಜಾರು.

ಕ್ಲಾರ್ಕ್‌ದು ನಾನಾದ್ರೆ ರಾಮ ಬಿಟ್ಟು ‘ದ ಫೌಂಟನ್ಸ್ ಆಫ್ ಪ್ಯಾರಡೈಸ್’ (1979) ಕೊಡ್ತೀನಿ. ನೆಲದಿಂದ ಭೂಸ್ಥಿರ ಕಕ್ಷೆಗೆ, ಅಂದ್ರೆ ಉಪಗ್ರಹ ಭೂಮಿಯ ಒಂದೇ ಜಾಗದ ಮೇಲೆ ನಿಂತ ಹಾಗೆ ಕಾಣೋ ಸುಮಾರು 36,000 ಕಿಮೀ ಎತ್ತರಕ್ಕೆ, ಲಿಫ್ಟ್ ಕಟ್ಟೋ ಕಥೆ. ಗೋಪುರ ಸಮಭಾಜಕದ ಮೇಲೇ ನಿಲ್ಲಬೇಕು, ಶ್ರೀಲಂಕಾ ಅಲ್ಲಿಲ್ಲ. ಅದಕ್ಕೆ ಲೇಖಕರು ದ್ವೀಪವನ್ನೇ ಸುಮಾರು 800 ಕಿಮೀ ದಕ್ಷಿಣಕ್ಕೆ ಎಳೆದು ಕೂರಿಸಿದ್ದಾರೆ! ಯಾಕೆ ಎಳೀಬೇಕಾಯ್ತು ಅಂತ ಗ್ಲೋಬ್ ಕೊಟ್ಟು ಕೇಳಿದರೆ ಭೂಗೋಳದ ಒಂದು ಪಾಠ ಮುಗೀತು.

ಕನ್ನಡಕ್ಕೆ ಎಲ್ಲರೂ ‘ಕರ್ವಾಲೊ’ ಹೇಳ್ತಾರೆ. ತೇಜಸ್ವಿಯವರ ಹಾರುವ ಓತಿಯ ಹುಡುಕಾಟದಲ್ಲಿ ವಿಜ್ಞಾನ ಇದೆ, ಆದರೆ ನಾರ್ಳೀಕರರ ಅರ್ಥದ ವಿಜ್ಞಾನ ಕಥೆ ಅದಲ್ಲ. ಕೊಡಿ, ಬೇರೆ ಕಪಾಟಿನಲ್ಲಿಡಿ.

ಜತ್ತ ವಾಚನಾಲಯ

ಭಾಳ ಉಪಕಾರ ಆತ್ರಿ. ಒಂದು ಕೇಳೋದು ಉಳೀತು. ಪುಸ್ತಕ ಒಂದೊಂದೇ ಪ್ರತಿ ಅದಾವು, ಹುಡುಗರು ನಲವತ್ತು. ಝೆರಾಕ್ಸ್ ಮಾಡಿಸಿ ಹಂಚಬಹುದೇನು? ಮತ್ತ ಕನ್ನಡಕ್ಕ ನಾವೇ ಅನುವಾದ ಮಾಡಿ ಸಣ್ಣ ಪುಸ್ತಕ ತಂದರ?

ಹೊಸೂರು ಗಡಿ

ತರಗತಿಯ ಪಾಠಕ್ಕೆ ಅಂತ ಶಿಕ್ಷಕರು ಪ್ರತಿ ಮಾಡೋದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತೆ. ಒಂದು ಕಥೆಯ ಪ್ರತಿ ತೆಗೆದು ಹಂಚೋದು ಅದರೊಳಗೆ ಬರುತ್ತೆ. ಇಡೀ ಸಂಕಲನ ಝೆರಾಕ್ಸ್ ಮಾಡಿ ಹೊಲಿಸಿ ಮಾರೋದು ಬರಲ್ಲ. ಅನುವಾದ ಅಚ್ಚು ಹಾಕಿಸೋದು ಪೂರಾ ಬೇರೆ ಮಾತು. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ, ನಾರ್ಳೀಕರರದು 2085ರ ಕೊನೇವರೆಗೆ. ಅವರ ಹಕ್ಕುದಾರರಿಂದ ಬರಹದಲ್ಲಿ ಒಪ್ಪಿಗೆ ಬೇಕೇ ಬೇಕು.

ಅನುವಾದ ಮಾಡಲೇಬೇಕು ಅನ್ನೋ ಆಸೆ ಇದ್ದರೆ ಎಚ್. ಜಿ. ವೆಲ್ಸ್ ಹಿಡೀರಿ. ಅವರು ತೀರಿಕೊಂಡದ್ದು 1946ರಲ್ಲಿ, 2007ರಿಂದ ಭಾರತದಲ್ಲಿ ಅವರ ಪುಸ್ತಕಕ್ಕೆ ಯಾರ ಒಪ್ಪಿಗೆಯೂ ಬೇಡ. ‘ದ ಟೈಮ್ ಮೆಷಿನ್’ (1895) ಇಂಗ್ಲಿಷಿನಲ್ಲಿ ಸುಮಾರು 32,000 ಪದ, ಹತ್ತನೇ ತರಗತಿಯವರು ಅಧ್ಯಾಯ ಹಂಚಿಕೊಂಡರೆ ಆಗುವ ಕೆಲಸ. ಶುರು ಮಾಡೋ ಮೊದಲು ಯಂತ್ರದ ಭಾಗಗಳು, ಕಥೆಯ ಜನಾಂಗಗಳಾದ ಎಲಾಯ್, ಮಾರ್ಲಾಕ್ ಇಂಥ ಹೆಸರುಗಳಿಗೆ ಒಂದೇ ಪಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದೊಂದು ಅಧ್ಯಾಯದಲ್ಲಿ ಒಂದೊಂದು ಹೆಸರು ಬರುತ್ತೆ. ಮೂಲ ಇಂಗ್ಲಿಷಿನಿಂದಲೇ ಮಾಡಿಸಿ. ಮರಾಠಿ ಸಲೀಸು ಅಂತ ಮರಾಠಿ ಅನುವಾದ ಎದುರಿಗಿಟ್ಟುಕೊಂಡು ಕನ್ನಡ ಮಾಡಿದರೆ ಆ ಮರಾಠಿ ಅನುವಾದಕರ ಹಕ್ಕು ಅಡ್ಡ ಬರಬಹುದು, ವೆಲ್ಸ್ ಹಕ್ಕು ಮುಗಿದಿದ್ದರೂ ಅವರದು ಮುಗಿದಿರಲಿಕ್ಕಿಲ್ಲ.