ಮಳೆಗಾಲದ ಹುಳುಕಡ್ಡಿ: ಹೋದಂತೆ ಮಾಡಿ ಮತ್ತೆ ಬರುತ್ತಿದೆ, ನಿಮ್ಮ ಅನುಭವ ತಿಳಿಸಿ

ಕೇಳಿದವರು: ಮಂಗಳೂರಿಗೆ ವರ್ಗವಾಗಿ ಬಂದ ವಿಜಯಪುರದವರು

ನಮ್ಮ ಕಡೆ ಬಿಸಿಲು ಎಷ್ಟೇ ಇದ್ದರೂ ಬೆವರು ಆರುತ್ತದೆ. ಇಲ್ಲಿ ಆರುವುದೇ ಇಲ್ಲ. ಜೂನ್ ತಿಂಗಳಲ್ಲಿ ತೊಡೆಯ ಸಂದಿಯಲ್ಲಿ ನಾಣ್ಯದಷ್ಟು ದೊಡ್ಡ ಕೆಂಪು ಉಂಗುರ ಕಾಣಿಸಿತು. ಔಷಧದ ಅಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಂತಿತು. ಹತ್ತು ದಿನ ಕಳೆಯುವಷ್ಟರಲ್ಲಿ ಮತ್ತೆ ಬಂತು, ಈ ಸಲ ಸೊಂಟದವರೆಗೆ. ಈಗ ನಾಲ್ಕನೇ ಟ್ಯೂಬು ನಡೆಯುತ್ತಿದೆ. ಹೆಂಡತಿಗೆ ಹೊಟ್ಟೆಯ ಮೇಲೆ ಬಂದಿದೆ, ಐದು ವರ್ಷದ ಮಗಳ ಕೆನ್ನೆಯ ಮೇಲೂ ಒಂದು ಉಂಗುರ. ರಾತ್ರಿ ನಿದ್ದೆಯಿಲ್ಲ, ಯಾರಲ್ಲೂ ಹೇಳಿಕೊಳ್ಳಲು ಮುಜುಗರ. ಕರಾವಳಿಯಲ್ಲೇ ಹುಟ್ಟಿ ಬೆಳೆದವರು ಇದನ್ನು ಹೇಗೆ ನಿಭಾಯಿಸುತ್ತೀರಿ?

ಕಾರ್ಕಳ ಕಡೆಯ ವಿಜ್ಞಾನ ಶಿಕ್ಷಕಿ

ಮೊದಲು ಆ ಮುಜುಗರ ಬಿಡಿ. ನಮ್ಮ ಮನೆಯಲ್ಲಿ ಇದು ಹದಿನಾಲ್ಕು ತಿಂಗಳು ಬೀಡುಬಿಟ್ಟಿತ್ತು. ಮನೆಯವರಿಂದ ಶುರುವಾಗಿ ನನಗೆ, ಮಗನಿಗೆ, ಕೊನೆಗೆ ಅತ್ತೆಗೂ ಹತ್ತಿತು. ಅಷ್ಟು ಕಾಲ ಎಳೆದದ್ದಕ್ಕೆ ರೋಗಕ್ಕಿಂತ ನಮ್ಮ ಮುಚ್ಚುಮರೆಯೇ ಹೆಚ್ಚು ಕಾರಣ ಎಂದು ನನಗೆ ಈಗ ಖಚಿತವಾಗಿದೆ.

ನೀವು ಬರೆದದ್ದರಲ್ಲಿ 'ಎರಡೇ ದಿನಕ್ಕೆ ತುರಿಕೆ ನಿಂತಿತು' ಎಂಬ ಮಾತು ಓದಿದಾಗ ನನಗೆ ನಮ್ಮ ಹಳೆಯ ಟ್ಯೂಬು ನೆನಪಾಯಿತು. ಹುಳುಕಡ್ಡಿ ಬರುವುದು ಶಿಲೀಂಧ್ರದಿಂದ, ಶಿಲೀಂಧ್ರದ ಮದ್ದು ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ಚರ್ಮರೋಗದ ವೈದ್ಯರು ಮನೆಯವರ ಟ್ಯೂಬನ್ನು ಕೈಗೆ ತೆಗೆದುಕೊಂಡು, ಅದರ ಬೆನ್ನಿನ ಮೇಲೆ ಇರುವೆಯಂತಹ ಅಕ್ಷರದಲ್ಲಿದ್ದ ಒಂದು ಹೆಸರಿನ ಮೇಲೆ ಉಗುರಿಟ್ಟು ತೋರಿಸಿದರು: ಕ್ಲೋಬೆಟಸಾಲ್. ಅದು ಬಲವಾದ ಸ್ಟೀರಾಯ್ಡ್. ಕೆಂಪು, ತುರಿಕೆ ಎಂದರೆ ಚರ್ಮ ಶಿಲೀಂಧ್ರದೊಡನೆ ಹೋರಾಡುತ್ತಿರುವ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನು ಅಡಗಿಸುತ್ತದೆ. ಮೇಲೆ ಶಾಂತವಾಗಿ ಕಂಡರೂ ಅದು ಬೂದಿ ಮುಚ್ಚಿದ ಕೆಂಡ; ಒಳಗೊಳಗೇ ಹಬ್ಬುತ್ತಿರುತ್ತದೆ. ಮನೆಯವರಿಗೆ ಉಂಗುರದೊಳಗೆ ಇನ್ನೊಂದು ಉಂಗುರ ಮೂಡಿತ್ತು. ತೊಡೆಸಂದಿಯ ಚರ್ಮ ತೆಳುವಾಗಿ, ಬಸುರಿಯರ ಹೊಟ್ಟೆಯ ಮೇಲೆ ಬೀಳುವಂತಹ ಗೆರೆಗಳು ಬಿದ್ದವು. ರೋಗ ಹೋಯಿತು, ಗೆರೆಗಳು ಹೋಗಲಿಲ್ಲ.

ಅಂದು ವೈದ್ಯರು ಉಂಗುರದ ಅಂಚಿನಿಂದ ಹೊಟ್ಟು ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರು. ನಾನು ವಿಜ್ಞಾನ ಕಲಿಸುವವಳೆಂದು ತಿಳಿದು ನೋಡಲು ಕರೆದರು. ಚರ್ಮದ ಚೂರುಗಳ ನಡುವೆ ಗಾಜಿನ ನೂಲಿನಂತೆ ಕವಲೊಡೆದ ಎಳೆಗಳು ಹರಡಿಕೊಂಡಿದ್ದವು. ಹುಳುಕಡ್ಡಿ ಎನ್ನುತ್ತೇವೆ, ಗಜಕರ್ಣ ಎನ್ನುತ್ತೇವೆ. ಅಲ್ಲಿ ಹುಳವೇನೂ ಇಲ್ಲ. ನಮ್ಮ ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುವ ಶಿಲೀಂಧ್ರ ಅದು. ಈಗ ನಮ್ಮ ದೇಶದಲ್ಲಿ ಹಬ್ಬಿರುವ ಮೊಂಡು ಬಗೆಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟಿದ್ದಾರಂತೆ. ಟರ್ಬಿನಫಿನ್ ಎಂಬ ಹಳೆಯ ನೆಚ್ಚಿನ ಮದ್ದಿಗೆ ಇದು ಹಲವೊಮ್ಮೆ ಬಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕ್‌ನಲ್ಲೂ ಪತ್ತೆಯಾಗಿದೆ. ಆದ್ದರಿಂದ 'ಹಿಂದೆ ಒಂದು ವಾರ ಹಚ್ಚಿದರೆ ಹೋಗುತ್ತಿತ್ತು' ಎಂಬ ಹಿರಿಯರ ಲೆಕ್ಕ ಈಗ ನಡೆಯುವುದಿಲ್ಲ.

ನಮಗೆ ಗುಳಿಗೆ, ಮುಲಾಮು ಎರಡೂ ಬೇಕಾದವು. ಮುಲಾಮನ್ನು ಉಂಗುರದ ನಡುವೆ ಮಾತ್ರ ಹಚ್ಚುತ್ತಿದ್ದೆವು, ಅದು ತಪ್ಪು. ರೋಗ ಬೆಳೆಯುವುದು ಅಂಚಿನಲ್ಲಿ. ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚಬೇಕು, ಕಲೆ ಪೂರ್ತಿ ಮಾಯವಾದ ಮೇಲೂ ಎರಡು ವಾರ ಬಿಡಬಾರದು. ನಾಲ್ವರೂ ಒಂದೇ ದಿನ ಚಿಕಿತ್ಸೆ ಶುರು ಮಾಡಿದೆವು. ಅದಕ್ಕೆ ಮೊದಲು ಒಬ್ಬರಿಗೆ ವಾಸಿಯಾಗುವಷ್ಟರಲ್ಲಿ ಇನ್ನೊಬ್ಬರಿಂದ ಮತ್ತೆ ಅಂಟುತ್ತಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದೂ ಇದರಿಂದಲೇ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದ್ದರು.

ಇನ್ನು ಬಟ್ಟೆಯ ವಿಷಯ. ಇದರಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಮ್ಮ ಬಚ್ಚಲ ಬಾಗಿಲ ಹಿಂದೆ ಒಂದೇ ಬೈರಾಸು ನೇತಾಡುತ್ತಿತ್ತು, ಸ್ನಾನ ಮಾಡಿದವರೆಲ್ಲ ಅದರಲ್ಲೇ ಮೈ ಒರೆಸುತ್ತಿದ್ದರು. ಆಷಾಢದಲ್ಲಿ ಅದು ಎಂದೂ ಒಣಗಿದ್ದಿಲ್ಲ. ಈಗ ತಲೆಗೊಂದು ಬೈರಾಸು, ತಲೆಗೊಂದು ಹೊದಿಕೆ. ಒಳಉಡುಪು, ಬೈರಾಸುಗಳನ್ನು ಬೇರೆಯಾಗಿ ಹಂಡೆಯ ಬಿಸಿನೀರಿನಲ್ಲಿ ನೆನೆಸಿ ಒಗೆಯುತ್ತೇನೆ, ಒಳಮೈ ಹೊರಗೆ ಮಾಡಿ ಬಚ್ಚಲೊಲೆಯ ಮೇಲಿನ ಬಿದಿರಿನ ಗಳದಲ್ಲಿ ಹರವುತ್ತೇನೆ. ಬಟ್ಟೆ ಒಣಗಿದೆ ಎನ್ನಿಸಿದಾಗ ಸೊಂಟದ ಎಲಾಸ್ಟಿಕ್ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಂಡಿ ನೋಡಿ. ತಣ್ಣಗೆ ತಾಗಿದರೆ ಅದು ಒಣಗಿಲ್ಲ. ಕಮಟು ವಾಸನೆ ಇದ್ದರೆ ಮತ್ತೆ ಒಗೆಯಿರಿ. ಮಂಗಳೂರಿನ ಫ್ಲಾಟಿನಲ್ಲಿ ಒಲೆ ಇರುವುದಿಲ್ಲ, ಇಸ್ತ್ರಿ ಪೆಟ್ಟಿಗೆ ಇರುತ್ತದೆ. ಹೊಲಿಗೆಗಳ ಮೇಲೆ ಚೆನ್ನಾಗಿ ಒತ್ತಿ.

ಇನ್ನೊಂದು ಮಾತು. ಉಡಿದಾರ ಕಟ್ಟಿಕೊಂಡಿದ್ದರೆ ತೆಗೆಯಿರಿ. ಹಗಲಿರುಳು ಬೆವರು ಹೀರಿಕೊಂಡು ರೋಗದ ಜಾಗದಲ್ಲೇ ಕುಳಿತಿರುವ ದಾರ ಅದು. ಮನೆಯವರು ಒಪ್ಪಲಿಲ್ಲ. ಅತ್ತೆಯೇ 'ದೇವರಿಗೆ ಗೊತ್ತಾಗುತ್ತದೆ ಮಗಾ, ತೆಗೆ' ಎಂದ ಮೇಲೆ ತೆಗೆದರು.

ಕುಮಟಾ, ಔಷಧದ ಅಂಗಡಿಯವರು

ಶಿಕ್ಷಕಿಯವರು ಹೇಳಿದ್ದು ನಿಜ, ನಮ್ಮ ವೃತ್ತಿಯವರ ತಪ್ಪೂ ಇದರಲ್ಲಿದೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೂ ಗಿರಾಕಿ 'ಬೇಗ ತುರಿಕೆ ನಿಲ್ಲುವಂಥದ್ದು ಕೊಡಿ' ಎನ್ನುತ್ತಾರೆ, ಕೊಡುವವರೂ ಇದ್ದಾರೆ.

ಟ್ಯೂಬಿನ ಮೇಲೆ ಕಂಪನಿಯ ಹೆಸರು ನೋಡಬೇಡಿ, ಒಳಗಿನ ಮದ್ದಿನ ಹೆಸರು ಓದಿ. ಕ್ಲೋಟ್ರಿಮಜೋಲ್ ಶಿಲೀಂಧ್ರದ ಮದ್ದು, ಕ್ಲೋಬೆಟಸಾಲ್ ಸ್ಟೀರಾಯ್ಡ್. ಎರಡೂ 'ಕ್ಲೋ' ಎಂದೇ ಶುರುವಾಗುವುದರಿಂದ ಓದಿದವರೂ ಮೋಸಹೋಗುತ್ತಾರೆ. ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೂ ಹುಳುಕಡ್ಡಿಗೆ ಹಚ್ಚಬೇಡಿ. ಎರಡು ಮೂರು ಮದ್ದು ಬೆರೆಸಿದ ಟ್ಯೂಬುಗಳಲ್ಲಿ ಇವು ಅಡಗಿರುತ್ತವೆ. ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಕೆಲವು ದಿನ ತುರಿಕೆ ಮೊದಲಿಗಿಂತ ಜೋರಾಗಬಹುದು. ಬಹಳ ಜನ ಹೊಸ ಮದ್ದು ಹಿಡಿಸಲಿಲ್ಲ ಎಂದುಕೊಂಡು ಹಳೆಯ ಟ್ಯೂಬಿಗೆ ಮರಳುವುದು ಆ ದಿನಗಳಲ್ಲೇ. ದಯವಿಟ್ಟು ತಡೆದುಕೊಳ್ಳಿ, ವೈದ್ಯರಿಗೆ ಹೇಳಿದರೆ ತುರಿಕೆಗೆ ಬೇರೆ ಗುಳಿಗೆ ಕೊಡುತ್ತಾರೆ.

ಗುಳಿಗೆಯನ್ನು ಅಕ್ಕಪಕ್ಕದವರ ಚೀಟಿ ನೋಡಿ ನುಂಗಬೇಡಿ. ಇಟ್ರಾಕೊನಜೋಲ್ ಎಂಬ ಶಿಲೀಂಧ್ರದ ಮದ್ದು ಹೃದಯ ದುರ್ಬಲವಾಗಿರುವವರಿಗೆ ಅಪಾಯ, ಕೊಲೆಸ್ಟರಾಲ್‌ನ ಕೆಲವು ಗುಳಿಗೆಗಳ ಜೊತೆಗೂ ಆಗಿಬರುವುದಿಲ್ಲ. ಅದರ ಕ್ಯಾಪ್ಸೂಲನ್ನು ಊಟವಾದ ತಕ್ಷಣ ತೆಗೆದುಕೊಳ್ಳಬೇಕು. ಎದೆಯುರಿಗೆ ಆ್ಯಂಟಾಸಿಡ್ ಕುಡಿಯುವ ಅಭ್ಯಾಸವಿದ್ದರೆ ವೈದ್ಯರಿಗೆ ತಿಳಿಸಿ, ಮದ್ದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಬಸುರಿಯರು, ಯಕೃತ್ತಿನ ತೊಂದರೆ ಇರುವವರು ಮೊದಲೇ ಹೇಳಲೇಬೇಕು.

ಪುತ್ತೂರಿನ ಅಡಿಕೆ ಕೃಷಿಕ

ನನ್ನ ಅನುಭವ ಕಾಲಿನದು. ಮಳೆಗಾಲ ಪೂರ್ತಿ ತೋಟದಲ್ಲಿ ನಿಲ್ಲುವವರಿಗೆ ಕೆಸರುಹುಣ್ಣು ಹೊಸದಲ್ಲ. ಕಿರುಬೆರಳ ಸಂದಿಯಿಂದ ಶುರು: ಚರ್ಮ ಬೆಂದಂತೆ ಬೆಳ್ಳಗಾಗಿ, ಸುಲಿದು, ಉಪ್ಪು ಹಾಕಿದಂತೆ ಉರಿಯುತ್ತದೆ. ಗಂಬೂಟು ಹಾಕಿದರೆ ಪಾರಾದೆವು ಎಂದುಕೊಂಡಿದ್ದೆ. ಒಳಗೆ ನೀರು ಹೊಕ್ಕ ಗಂಬೂಟು ಬರಿಗಾಲಿಗಿಂತ ಕೆಟ್ಟದು. ಈಗ ಎರಡು ಜೊತೆ ಇಟ್ಟುಕೊಂಡಿದ್ದೇನೆ. ಒಂದನ್ನು ಹಾಕಿದ ದಿನ ಇನ್ನೊಂದು ಗೂಟದ ಮೇಲೆ ತಲೆಕೆಳಗಾಗಿ ಒಣಗುತ್ತಿರುತ್ತದೆ. ತೋಟದಿಂದ ಬಂದೊಡನೆ ಕಾಲು ತೊಳೆದು, ಹಳೆಯ ಪಂಚೆಯ ತುಂಡಿನಿಂದ ಒಂದೊಂದೇ ಬೆರಳ ಸಂದಿ ಒರೆಸುತ್ತೇನೆ. ಆ ತುಂಡು ಕಾಲಿಗೆ ಮಾತ್ರ. ಅದೇ ಬಟ್ಟೆ ಸೊಂಟಕ್ಕೆ ಹೋದರೆ ರೋಗವೂ ಹೋಗುತ್ತದೆ.

ಅಡಿಕೆಯ ಕೊಳೆರೋಗಕ್ಕೆ ನಾವು ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ನೀರು) ಸಿಂಪಡಿಸುವುದು ಮಳೆ ಹಿಡಿಯುವ ಮೊದಲು, ಕಾಯಿ ಉದುರಿದ ಮೇಲಲ್ಲ. ಕಾಲಿಗೂ ಅಷ್ಟೇ. ಮೇ ತಿಂಗಳ ಕೊನೆಯಲ್ಲೇ ಬೆರಳ ಸಂದಿ ನೋಡಿಕೊಳ್ಳುತ್ತೇನೆ, ಸ್ವಲ್ಪ ಹೊಟ್ಟು ಕಂಡರೂ ಆಗಲೇ ಮುಲಾಮು.

ಅಜ್ಜಿ ಸೀಮೆ ಅಗಸೆಯ ಸೊಪ್ಪು ಅರೆದು ಹಚ್ಚುತ್ತಿದ್ದರು. ಹುಳುಕಡ್ಡಿಗೆ ಅದು ಹೆಸರಾದ ಗಿಡವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ನಿಂಬೆರಸದ ಜೊತೆ ತೊಡೆಸಂದಿಗೆ ಹಚ್ಚಿದ ನನ್ನ ತಮ್ಮನಿಗೆ ಬೊಬ್ಬೆ ಎದ್ದು ಒಂದು ವಾರ ನಡೆಯಲಾಗಲಿಲ್ಲ. ಬೆಳ್ಳುಳ್ಳಿ, ಸೀಮೆಎಣ್ಣೆ ಹಚ್ಚುವವರನ್ನೂ ಕಂಡಿದ್ದೇನೆ, ಅದು ಬೇಡವೇ ಬೇಡ. ಸಕ್ಕರೆ ಕಾಯಿಲೆ ಇರುವವರು ಬೆರಳ ಸಂದಿಯ ಬಿರುಕನ್ನು ಸಣ್ಣದೆಂದು ಬಿಡಬಾರದು. ನಮ್ಮ ಮಾವನವರಿಗೆ ಆ ಬಿರುಕಿನಿಂದಲೇ ನಂಜೇರಿ, ಮೊಣಕಾಲವರೆಗೆ ಬಾತು, ಜ್ವರ ಬಂದು ಆಸ್ಪತ್ರೆ ಸೇರಬೇಕಾಯಿತು.

ಮಸ್ಕತ್‌ನಲ್ಲಿರುವ ಕುಂದಾಪುರದವರು

ಇಲ್ಲಿ ಒಂದು ಕೋಣೆಯಲ್ಲಿ ಆರು ಜನ ಇದ್ದೇವೆ. ಒಬ್ಬರ ಹಾಸಿಗೆಯಲ್ಲಿ ಇನ್ನೊಬ್ಬರು ಕೂರುವುದನ್ನು ನಿಲ್ಲಿಸಿದ ಮೇಲೆ, ಯಂತ್ರದಲ್ಲಿ ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿಗೆ ಹಾಕತೊಡಗಿದ ಮೇಲೆ ಕಡಿಮೆಯಾಯಿತು. ಬಿಗಿ ಜೀನ್ಸ್ ಬಿಟ್ಟು ಸಡಿಲವಾದ ಹತ್ತಿಯ ಪ್ಯಾಂಟು, ಕೋಣೆಗೆ ಬಂದರೆ ಲುಂಗಿ.

ಕಾರವಾರದ ತಾಯಿ

ಎಲ್ಲ ಮಚ್ಚೆಯೂ ಹುಳುಕಡ್ಡಿಯಲ್ಲ ಎಂದು ಹೇಳಲು ಬರೆಯುತ್ತಿದ್ದೇನೆ. ನನ್ನ ಮಗಳ ಕತ್ತು, ಬೆನ್ನಿನ ಮೇಲೆ ಸಣ್ಣ ಹೊಟ್ಟಿರುವ ಬಿಳಿಚಿದ ಮಚ್ಚೆಗಳು ಬಂದವು. ಸಂಬಂಧ ನೋಡುತ್ತಿದ್ದ ಸಮಯ, ಬಂಧುಗಳು ತೊನ್ನು ಎಂದು ಪಿಸುಗುಟ್ಟಿದರು. ವೈದ್ಯರು ನೋಡಿ, ಇದು ಚಿಬ್ಬು, ಎಲ್ಲರ ಚರ್ಮದ ಮೇಲೂ ಇರುವ ಮಲಸೇಜಿಯಾ ಎಂಬ ಶಿಲೀಂಧ್ರ ಬೆವರು ಜಿಡ್ಡಿನಲ್ಲಿ ಹೆಚ್ಚಾಗಿ ಬೆಳೆದದ್ದು, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದರು. ಕೀಟೊಕೊನಜೋಲ್ ಶಾಂಪೂ ಮೈಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಲು ಹೇಳಿದರು. ಹೊಟ್ಟು ಬೇಗ ಹೋಯಿತು. ಚರ್ಮದ ಬಣ್ಣ ಮರಳಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ಅವಳು ಕನ್ನಡಿಯ ಮುಂದೆ ಅತ್ತದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ. ಬಣ್ಣ ತಡವಾಗಿ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಕೇಳಿದವರು, ಎರಡು ವಾರಗಳ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ಅಂದೇ ರಾತ್ರಿ ಟ್ಯೂಬನ್ನು ಮೊಬೈಲ್ ಬೆಳಕಿನಲ್ಲಿ ಹಿಡಿದು ಓದಿದೆ. ಮೂರು ಮದ್ದುಗಳಲ್ಲಿ ಮೊದಲನೆಯದೇ ಕ್ಲೋಬೆಟಸಾಲ್. ಮಗಳ ಕೆನ್ನೆಗೂ ಅದನ್ನೇ ಹಚ್ಚುತ್ತಿದ್ದೆವೆಂದು ನೆನೆದು ಹೆಂಡತಿ ಬಹಳ ಹೊತ್ತು ಮಾತನಾಡಲಿಲ್ಲ. ಮರುದಿನ ಮೂವರೂ ಚರ್ಮರೋಗದ ವೈದ್ಯರ ಬಳಿಗೆ ಹೋದೆವು. ನನಗೆ ಗುಳಿಗೆ, ಅವರಿಬ್ಬರಿಗೆ ಸದ್ಯ ಮುಲಾಮು ಮಾತ್ರ. ಮೊದಲ ಐದು ದಿನ ತುರಿಕೆ ತಾಳಲಾಗಲಿಲ್ಲ, ಅಂಗಡಿಯವರ ಮಾತು ನೆನಪಿಟ್ಟುಕೊಂಡು ಹಳೆಯ ಟ್ಯೂಬಿನ ಕಡೆ ಹೋಗಲಿಲ್ಲ. ಈಗ ರಾತ್ರಿ ನಿದ್ದೆ ಬರುತ್ತಿದೆ. ಇನ್ನೂ ಆರು ವಾರ ಬಿಡದೆ ಮುಂದುವರಿಸಲು ಹೇಳಿದ್ದಾರೆ. ಮಗಳು ತನ್ನ ಹಳದಿ ಬೈರಾಸನ್ನು ಯಾರೂ ಮುಟ್ಟಬಾರದೆಂದು ಬಾಗಿಲ ಬಳಿ ಬೇರೆ ಮೊಳೆ ಹೊಡೆಸಿಕೊಂಡಿದ್ದಾಳೆ. ಉಡಿದಾರವನ್ನು ಊರಿನಲ್ಲಿರುವ ಅವ್ವನಿಗೆ ಫೋನು ಮಾಡಿ ಕೇಳಿ ತೆಗೆದೆ.